ಅಬರ್ಡೀನ್: ಕಲ್ಲು ನೋಡಿ ಕಾಲ ಹೇಳುವ ಸುತ್ತಾಟ

(ಸ್ಕಾಟ್ಲೆಂಡ್ ಪ್ರವಾಸಕ್ಕೆ, ಓದಿಗೆ ಹೊರಟ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಸ್ಕಾಟ್ಲೆಂಡಿಗೆ ಹೋಗುವ ನಮ್ಮವರು ಎಡಿನ್‌ಬರೋ ಕೋಟೆ ನೋಡಿಕೊಂಡು ಸೀದಾ ಲಾಕ್ ನೆಸ್ ಕಡೆ ಬಸ್ಸು ಹತ್ತುತ್ತಾರೆ. ಈಶಾನ್ಯ ಕರಾವಳಿಯ ಅಬರ್ಡೀನ್ ಹೆಸರು ಎತ್ತಿದರೆ ‘ಅದು ತೈಲ ಕಂಪನಿಗಳ ಊರಲ್ಲವೇ, ಅಲ್ಲೇನಿದೆ ನೋಡೋಕೆ’ ಅನ್ನುವವರೇ ಹೆಚ್ಚು. ಓದಲೆಂದೋ ಕೆಲಸಕ್ಕೆಂದೋ ಹೋದವರು ಕೂಡ ವರ್ಷಗಟ್ಟಲೆ ಅಲ್ಲಿದ್ದು, ಯೂನಿಯನ್ ಸ್ಟ್ರೀಟಿನ ಅಂಗಡಿಸಾಲು ಬಿಟ್ಟು ಬೇರೇನೂ ನೋಡದೆ ವಾಪಸಾಗುವುದುಂಟು. ಅವರನ್ನು ದೂರಿ ಫಲವಿಲ್ಲ. ಊರಿಗೂರೇ ಬೂದುಬಣ್ಣ. ಐನೂರು ವರ್ಷದ ಕಟ್ಟಡ ಯಾವುದು, ನೂರಿಪ್ಪತ್ತು ವರ್ಷದ್ದು ಯಾವುದು ಎಂದು ಹೇಳಿಕೊಡುವವರಿಲ್ಲದಿದ್ದರೆ ಎಲ್ಲವೂ ಒಂದೇ ಥರ ಕಾಣುತ್ತದೆ.

ಹೀಗಾಗಿ ಇವತ್ತಿನ ಮಾತೆಲ್ಲ ಕಲ್ಲಿನ ಸುತ್ತಲೇ. ‘ಗ್ರಾನೈಟ್ ನಗರ’ ಎಂಬ ಹೆಸರು ಕೇಳಿದವರು ಆ ಊರು ಮೊದಲಿನಿಂದಲೂ ಗ್ರಾನೈಟಿನದೇ ಎಂದುಕೊಳ್ಳುತ್ತಾರೆ. ಊರಿಗೆ ವಿಲಿಯಂ ರಾಜ ಕೊಟ್ಟ ಸನ್ನದು 1179ರದು. ಗ್ರಾನೈಟಿನ ಊರಿಗೆ ಮಾತ್ರ ಇನ್ನೂರು ಚಿಲ್ಲರೆ ವರ್ಷದ ವಯಸ್ಸು, ಅಷ್ಟೆ. ಅದಕ್ಕೂ ಹಿಂದಿನವರು ಹೊಲಗದ್ದೆಗಳಲ್ಲಿ ಬಿದ್ದಿದ್ದ ಗುಂಡು, ಕಾಡುಗಲ್ಲು ಆಯ್ದು ಗೋಡೆ ಎಬ್ಬಿಸುತ್ತಿದ್ದರು. ಕೆತ್ತನೆ ಬೇಕಾದ ಕಡೆ ಮರಳುಗಲ್ಲು ತರಿಸುತ್ತಿದ್ದರು. ನೆಲ ಅಗೆದು ಗ್ರಾನೈಟ್ ಎತ್ತುವ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 18ನೆಯ ಶತಮಾನದ ನಡುವಿನಿಂದೀಚೆಗೆ.

ಇದರಿಂದ ನಮಗೊಂದು ಒರಟು ಸೂತ್ರ ಸಿಗುತ್ತದೆ. ಕಾಡುಗಲ್ಲಿನ ಗೋಡೆ, ಅಂಚಿಗೆ ಮಾತ್ರ ಮರಳುಗಲ್ಲು ಇದ್ದರೆ ಅದು ಹಳೆಯದು, 1700ಕ್ಕೂ ಹಿಂದಿನದಿರಬಹುದು. ಸೈಜುಗಲ್ಲಿನ ನುಣುಪು ಗೋಡೆ, ಅಲಂಕಾರವಿಲ್ಲದ ಉದ್ದನೆಯ ಕಂಬಗಳು ಕಂಡರೆ 1800ರಿಂದ 1850ರ ನಡುವಿನದು. ಗ್ರಾನೈಟೇ ಇದ್ದು, ಮೈತುಂಬ ಕೆತ್ತನೆ ಇದೆಯೋ, 1880ರ ಈಚಿನದು. ಅಪವಾದಗಳಿವೆ, ಅವು ಬಂದಾಗ ಹೇಳುತ್ತೇವೆ.

ಈ ವ್ಯತ್ಯಾಸಕ್ಕೆ ಕಾರಣ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಲೂರಿನಲ್ಲಿ ಹೊಯ್ಸಳರು ಬಳಪದ ಕಲ್ಲಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಲಸ ಮಾಡಿದರು. ಹಂಪಿಯಲ್ಲಿ ಕಗ್ಗಲ್ಲು ಎದುರಾದಾಗ ಗೆರೆಗಳೇ ದಪ್ಪವಾದವು. ಅಬರ್ಡೀನಿನಲ್ಲೂ ಅಷ್ಟೆ. ಆರ್ಚಿಬಾಲ್ಡ್ ಸಿಂಪ್ಸನ್, ಜಾನ್ ಸ್ಮಿತ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು 19ನೆಯ ಶತಮಾನದ ಮೊದಲರ್ಧದಲ್ಲಿ ಊರಿನ ಮುಖವನ್ನೇ ಬದಲಿಸಿದರು. ಇಬ್ಬರೂ ಗ್ರೀಕ್ ಮಾದರಿಯ ಸರಳ ಕಂಬ, ಸಪಾಟು ಗೋಡೆ ಆರಿಸಿಕೊಂಡದ್ದು ಅಭಿರುಚಿಯಿಂದ ಮಾತ್ರವಲ್ಲ, ಕೈ ಉಳಿಗೆ ಆ ಕಲ್ಲು ಅದಕ್ಕಿಂತ ಹೆಚ್ಚು ಮಣಿಯುತ್ತಿರಲಿಲ್ಲ. 1830ರ ದಶಕದಲ್ಲಿ ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್ ಉಗಿಯಂತ್ರದಿಂದ ಗ್ರಾನೈಟಿಗೆ ಹೊಳಪು ಕೊಡುವ ಕೆಲಸ ಶುರುಮಾಡಿದ. ಶತಮಾನದ ಕೊನೆಗೆ ಗಾಳಿಯೊತ್ತಡದ ಉಳಿಗಳು ಬಂದವು, ಗ್ರಾನೈಟಿನಲ್ಲೂ ಜಾಲಂದ್ರ ಕೆತ್ತುವ ಹುಚ್ಚು ಹತ್ತಿತು. ಅದೇ ಉಳಿ ಎಬ್ಬಿಸಿದ ಸಣ್ಣ ದೂಳು ಕಲ್ಲುಕುಟಿಗರ ಶ್ವಾಸಕೋಶ ತಿಂದದ್ದನ್ನು ಮಾರ್ಗದರ್ಶಿ ಫಲಕಗಳು ಅಷ್ಟಾಗಿ ಹೇಳುವುದಿಲ್ಲ.

ಎರಡು ಊರು, ಎರಡು ನದಿ

ದಕ್ಷಿಣಕ್ಕೆ ಡೀ ನದಿ, ಉತ್ತರಕ್ಕೆ ಡಾನ್ ನದಿ, ಪೂರ್ವಕ್ಕೆ ಉತ್ತರ ಸಮುದ್ರ. ಡೀ ಬಾಯಿಯಲ್ಲಿ ಬಂದರು, ಬಂದರಿನ ಬೆನ್ನಿಗೆ ವ್ಯಾಪಾರಿಗಳ ಊರು. ಅಲ್ಲಿಂದ ಸುಮಾರು ಎರಡು ಕಿಲೋಮೀಟರ್ ಉತ್ತರಕ್ಕೆ, ಡಾನ್ ಪಕ್ಕದಲ್ಲಿ ಬಿಷಪ್‌ರ ಊರು, ಅಂದರೆ ಓಲ್ಡ್ ಅಬರ್ಡೀನ್. 1891ರವರೆಗೆ ಇವೆರಡೂ ಬೇರೆಬೇರೆ ಪುರಸಭೆಗಳು. ಎರಡಕ್ಕೂ ಒಂದೊಂದು ವಿಶ್ವವಿದ್ಯಾಲಯ ಬೇರೆ: 1495ರ ಕಿಂಗ್ಸ್ ಕಾಲೇಜು, 1593ರ ಮಾರಿಶಲ್ ಕಾಲೇಜು. 1860ರಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಿದರು. ಇಡೀ ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡೇ ಇದ್ದ ಕಾಲದಲ್ಲಿ ನಮ್ಮ ಊರೊಂದರಲ್ಲೇ ಎರಡಿದ್ದವು ಎಂದು ಅಲ್ಲಿಯವರು ಈಗಲೂ ಜಂಬ ಕೊಚ್ಚುತ್ತಾರೆ. ಕೊಚ್ಚಲಿ ಬಿಡಿ, ಮಾತು ಸುಳ್ಳಲ್ಲ.

ಎಡಿನ್‌ಬರೋದಿಂದ ರೈಲು ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಬದಿಗೆ. ನಿಲ್ದಾಣ ಊರ ನಡುವೆಯೇ ಇದೆ. ಎರಡು ಪೂರ್ತಿ ದಿನ ಸಾಕು: ಒಂದು ದಿನ ಓಲ್ಡ್ ಅಬರ್ಡೀನ್ ಮತ್ತು ಡಾನ್ ತೀರ, ಇನ್ನೊಂದು ದಿನ ನಗರ ಮತ್ತು ಬಂದರು. ಒಂದೇ ದಿನ ಇರುವವರು ಬೆಳಗ್ಗೆ ಓಲ್ಡ್ ಅಬರ್ಡೀನ್, ಮಧ್ಯಾಹ್ನ ನಗರ ಎಂದಿಟ್ಟುಕೊಳ್ಳಿ, ತಿರುವುಮುರುವು ಬೇಡ. ಕಿಂಗ್ಸ್ ಕಾಲೇಜಿನ ಪ್ರಾರ್ಥನಾಲಯ ತೆರೆದಿರುವುದು ಹಗಲಿನಲ್ಲಿ, ಅದೂ ಮುಖ್ಯವಾಗಿ ವಾರದ ಕೆಲಸದ ದಿನಗಳಲ್ಲಿ. ಮಾರಿಶಲ್ ಕಾಲೇಜಿನ ಮುಂಭಾಗವೋ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗ್ಗೆ ಹೋದರೆ ನೆರಳು, ಫೋಟೋ ಕಪ್ಪು. ಶನಿವಾರ ಪ್ರಾರ್ಥನಾಲಯದಲ್ಲಿ ಮದುವೆ ನಡೆಯುತ್ತಿದ್ದರೆ ಒಳಗೆ ಬಿಡುವುದಿಲ್ಲ.

ಓಲ್ಡ್ ಅಬರ್ಡೀನ್

ಬಸ್ಸು ಸಿಗುತ್ತದೆ, ಬ್ಯಾಂಕ್ ಕಾರ್ಡು ತಾಗಿಸಿ ಟಿಕೆಟ್ ತೆಗೆದುಕೊಳ್ಳಬಹುದು. ನಡೆಯುವವರಿಗೆ ನಗರದ ಹಳೆಯ ಸಂತೆಚೌಕವಾದ ಕ್ಯಾಸಲ್‌ಗೇಟಿನಿಂದ ಕಿಂಗ್ ಸ್ಟ್ರೀಟ್ ಹಿಡಿದು ಅರ್ಧ ಗಂಟೆ. ಹೈ ಸ್ಟ್ರೀಟಿಗೆ ಹಾಸುಗಲ್ಲು ಹಾಸಿದ್ದಾರೆ. ಒದ್ದೆಯಾದರೆ ಜಾರುತ್ತದೆ, ಚಪ್ಪಟೆ ಅಟ್ಟೆಯ ಬೂಟು ಬೇಡ.

ಕಿಂಗ್ಸ್ ಕಾಲೇಜನ್ನು ಗುರುತಿಸುವುದು ಅದರ ಕಿರೀಟದಿಂದ. ಗೋಪುರದ ನಾಲ್ಕು ಮೂಲೆಯಿಂದ ಎದ್ದ ಕಲ್ಲಿನ ಕಮಾನುಗಳು ಮೇಲೆ ಕೂಡಿ, ನೆತ್ತಿಯಲ್ಲಿ ಮುಚ್ಚಿದ ಕಿರೀಟ ಹೊತ್ತಿವೆ. ಆಗಿನ ಕಾಲಕ್ಕೆ ತೆರೆದ ಕಿರೀಟ ಸಾಮಾನ್ಯ ರಾಜನದು, ಮುಚ್ಚಿದ ಕಿರೀಟ ಚಕ್ರವರ್ತಿಯದು. ಸ್ಕಾಟ್ಲೆಂಡಿನ ದೊರೆ ಯಾರಿಗೂ ಅಡಿಯಾಳಲ್ಲ ಎಂದು ಇಂಗ್ಲೆಂಡಿನ ಕಡೆ ನೋಡಿ ಹೇಳಿದ ಮಾತು ಅದು. 1633ರ ಬಿರುಗಾಳಿಗೆ ಇದು ಕುಸಿದು ಬಿತ್ತು; ಈಗ ಕಾಣುವುದು ಆಮೇಲೆ ಮತ್ತೆ ಕಟ್ಟಿದ್ದು.

ಪ್ರಾರ್ಥನಾಲಯದ ಪಶ್ಚಿಮ ಗೋಡೆಯ ಲ್ಯಾಟಿನ್ ಬರಹದಲ್ಲಿ ಕೆಲಸ ಆರಂಭವಾದ ದಿನ ಇದೆ: 1500ರ ಏಪ್ರಿಲ್ 2. ಸೊಲೊಮನ್ ದೊರೆ ಜೆರುಸಲೇಮಿನ ದೇವಾಲಯಕ್ಕೆ ಅಡಿಗಲ್ಲು ಹಾಕಿದ ದಿನವೆಂಬ ನಂಬಿಕೆಯಿಂದ ಆ ದಿನ ಆರಿಸಿದರಂತೆ. ಮುಹೂರ್ತ ನೋಡುವುದು ನಮ್ಮಲ್ಲಷ್ಟೇ ಅಲ್ಲ! ಹೊರಗಿನ ಕಲ್ಲು ಮರಳುಗಲ್ಲು. ಬೂದುಬಣ್ಣದಲ್ಲ, ತೆಳು ಹಳದಿ. ಸೂತ್ರದ ಮೊದಲ ಪರೀಕ್ಷೆ ಇಲ್ಲೇ ಮಾಡಿ.

ಒಳಗೆ ನೋಡಬೇಕಾದ್ದು ಮರಗೆಲಸ. ಗಾಯಕರ, ಪಾದ್ರಿಗಳ ಓಕ್ ಮರದ ಆಸನಗಳು, ಅವುಗಳ ಮುಂದೆ ಎತ್ತರದ ಮರದ ತಡಿಕೆ. ಸ್ಕಾಟ್ಲೆಂಡಿನಲ್ಲಿ ಮಧ್ಯಯುಗದ ಚರ್ಚಿನ ಒಳಾಂಗಣ ಇಷ್ಟು ಪೂರ್ತಿಯಾಗಿ ಉಳಿದ ಜಾಗ ಇನ್ನೊಂದಿಲ್ಲ. 1560ರಲ್ಲಿ ಧರ್ಮ ಬದಲಾದಾಗ, ಅಂದರೆ ದೇಶ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರಾಟೆಸ್ಟೆಂಟ್ ಆದಾಗ, ಲೂಟಿಗೆ ಗುಂಪು ಬಂತು. ಪ್ರಾಂಶುಪಾಲ ಅಲೆಕ್ಸಾಂಡರ್ ಆಂಡರ್ಸನ್ ವಿದ್ಯಾರ್ಥಿಗಳ ಕೈಗೆ ಆಯುಧ ಕೊಟ್ಟು ಬಾಗಿಲು ಕಾಯಿಸಿದ. ಅದರಿಂದಾಗಿ ಇವತ್ತು ಆ ಮರ ನಮ್ಮ ಕಣ್ಣಿಗೆ ಬೀಳುತ್ತಿದೆ. ಆಸನದ ಹಲಗೆಗಳ ಎಲೆಬಳ್ಳಿ ಕೆತ್ತನೆಯನ್ನು ಒಂದೊಂದಾಗಿ ನೋಡಿ, ಒಂದರಂತೆ ಇನ್ನೊಂದಿಲ್ಲ. ಹೊರಗೆ ಸ್ಥಾಪಕ ಬಿಷಪ್ ವಿಲಿಯಂ ಎಲ್ಫಿನ್‌ಸ್ಟನ್‌ನ ಭಾರೀ ಕಂಚಿನ ಸ್ಮಾರಕವಿದೆ. ಮಾಡಿಸಿದ್ದು ಒಳಗಿಡಲು, ತೀರಾ ದೊಡ್ಡದಾಯಿತು, ಹೊರಗೇ ಉಳಿಯಿತು.

ಹೈ ಸ್ಟ್ರೀಟಿನಲ್ಲಿ ಎದುರಿಗೆ ಪೋವಿಸ್ ಗೇಟ್ ಎಂಬ ಎರಡು ಮಿನಾರುಗಳ ಹೆಬ್ಬಾಗಿಲು ಕಂಡು ಎಲ್ಲರೂ ನಿಲ್ಲುತ್ತಾರೆ. 1830ರ ದಶಕದ್ದು. ಕಟ್ಟಿಸಿದ ಲೆಸ್ಲಿ ಮನೆತನಕ್ಕೆ ಜಮೈಕಾದಲ್ಲಿ ತೋಟಗಳಿದ್ದವು, ಅಲ್ಲಿ ಗುಲಾಮರಿದ್ದರು. ಕಲ್ಲಿನ ಲಾಂಛನದಲ್ಲಿ ಕಾಣುವ ಆಫ್ರಿಕನ್ ಮುಖಗಳನ್ನು ಅದನ್ನು ನೆನಪಿಟ್ಟುಕೊಂಡೇ ನೋಡಬೇಕು.

ರಸ್ತೆ ತುದಿಯ ಹಳೆಯ ಟೌನ್ ಹೌಸ್ ದಾಟಿ, ಚಾನನ್ರಿ ಎಂಬ ಶಾಂತ ಬೀದಿಯಲ್ಲಿ ಹತ್ತು ನಿಮಿಷ ನಡೆದರೆ ಸೇಂಟ್ ಮಾಕರ್ ಕ್ಯಾಥೆಡ್ರಲ್. ನಮ್ಮ ಸೂತ್ರಕ್ಕೆ ಮೊದಲ ಅಪವಾದ ಇದೇ. ಪಶ್ಚಿಮದ ಗೋಡೆ ಗ್ರಾನೈಟು, ಅದೂ ಗಣಿ ಕೆಲಸಕ್ಕಿಂತ ಮುನ್ನೂರು ವರ್ಷ ಮೊದಲಿನದು. ಹತ್ತಿರ ಹೋಗಿ ನೋಡಿದರೆ ಗುಟ್ಟು ತಿಳಿಯುತ್ತದೆ: ಕಲ್ಲುಗಳ ಅಳತೆ ಒಂದೇ ಸಮ ಇಲ್ಲ, ಮೇಲ್ಮೈ ಒರಟು, ಕೆತ್ತನೆ ಹೆಚ್ಚುಕಡಿಮೆ ಶೂನ್ಯ. ಕಿಟಕಿಗಳು ಕೂಡ ಸಾಲಾಗಿ ನಿಂತ ಏಳು ಉದ್ದ ಸೀಳುಗಳು, ಅಷ್ಟೆ. ಮೇಲಿನ ಎರಡು ಶಿಖರಗಳು ಮಾತ್ರ ಮರಳುಗಲ್ಲಿನವು. ಅವನ್ನು 16ನೆಯ ಶತಮಾನದಲ್ಲಿ ಬಿಷಪ್ ಗ್ಯಾವಿನ್ ಡನ್‌ಬಾರ್ ಏರಿಸಿದ.

ಡನ್‌ಬಾರ್‌ನ ಇನ್ನೊಂದು ಕೆಲಸ ಒಳಗಿದೆ, ಊರಿನಲ್ಲಿ ಒಂದೇ ಒಂದು ವಸ್ತು ನೋಡಬೇಕೆಂದರೆ ನಾವು ಇದನ್ನೇ ಹೇಳುತ್ತೇವೆ. 1520ರ ಸುಮಾರಿನ ಓಕ್ ಮರದ ಸಪಾಟು ಚಾವಣಿ, ಅದರ ಮೇಲೆ ಬಣ್ಣದ 48 ಲಾಂಛನಗಳು, ಮೂರು ಸಾಲು, ಸಾಲಿಗೆ 16. ನಡುವಿನ ಸಾಲು ಚರ್ಚಿನದು: ಪೋಪ್ ಹತ್ತನೆಯ ಲಿಯೋನಿಂದ ಆರಂಭಿಸಿ ಸ್ಕಾಟ್ಲೆಂಡಿನ ಬಿಷಪ್‌ಗಳು. ಒಂದು ಬದಿಗೆ ಸ್ಕಾಟ್ಲೆಂಡಿನ ದೊರೆ ಮತ್ತು ಶ್ರೀಮಂತರು. ಇನ್ನೊಂದು ಬದಿಗೆ ಚಕ್ರವರ್ತಿ ಐದನೆಯ ಚಾರ್ಲ್ಸ್ ಮತ್ತು ಯುರೋಪಿನ ರಾಜರು. ಇಂಗ್ಲೆಂಡಿನ ದೊರೆ ಆ ಹೊರಗಿನವರ ಸಾಲಿನಲ್ಲಿ ಒಬ್ಬ, ಹತ್ತರಲ್ಲಿ ಹನ್ನೊಂದು ಎಂಬಂತೆ. ಇದು ಆ ಕಾಲದ ಯುರೋಪಿನ ರಾಜಕೀಯ ನಕ್ಷೆ. ಕೆಲವೇ ವರ್ಷಗಳಲ್ಲಿ ಕ್ಯಾಥೊಲಿಕ್ ಚರ್ಚಿನ ವಿರುದ್ಧ ಲೂಥರ್ ಎಬ್ಬಿಸಿದ ಬಿರುಗಾಳಿಗೆ ಈ ನಕ್ಷೆ ಚಿಂದಿಯಾಯಿತು. ನೋಡುವ ಕ್ರಮ ಹೇಳುತ್ತೇವೆ: ಪೂರ್ವದ ತುದಿಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬನ್ನಿ, ಪ್ರತಿ ಸಾಲಿನ ದೊಡ್ಡವರು ಆ ತುದಿಯಲ್ಲಿದ್ದಾರೆ. ಸಣ್ಣ ಬೈನಾಕ್ಯುಲರ್ ಇದ್ದರೆ ತನ್ನಿ. ಮೊಬೈಲನ್ನು ಸೆಲ್ಫಿ ಕ್ಯಾಮೆರಾ ಮಾಡಿ ಅಂಗೈಯಲ್ಲಿ ಅಂಗಾತ ಹಿಡಿದರೆ ಕತ್ತು ನೋಯದೆ ನೋಡಬಹುದು.

ಹೊರಗೆ ಪೂರ್ವಕ್ಕೆ ಹೋದರೆ ಚರ್ಚು ಅರ್ಧಕ್ಕೇ ನಿಂತಿದೆ ಅನ್ನಿಸುತ್ತದೆ. ಅಲ್ಲೊಂದು ನಡುಗೋಪುರವಿತ್ತು. 1650ರ ದಶಕದಲ್ಲಿ ಸ್ಕಾಟ್ಲೆಂಡನ್ನು ಗೆದ್ದ ಇಂಗ್ಲೆಂಡಿನ ಸೇನಾನಿ ಕ್ರಾಮ್ವೆಲ್‌ನ ಸೈನಿಕರು ಕ್ಯಾಸಲ್‌ ಹಿಲ್ ಮೇಲೆ ಕೋಟೆ ಕಟ್ಟಲು ಇಲ್ಲಿಂದ ಕಲ್ಲು ಹೊತ್ತೊಯ್ದರು, ಗೋಪುರಕ್ಕೆ ಒತ್ತು ಕೊಟ್ಟಿದ್ದ ಗೋಡೆಗಳನ್ನೂ ಬಿಡಲಿಲ್ಲ. ಆಸರೆ ಹೋದ ಗೋಪುರ 1688ರಲ್ಲಿ ಕುಸಿದು ಪೂರ್ವಭಾಗವನ್ನೆಲ್ಲ ಜಜ್ಜಿ ಹಾಕಿತು. ಆ ಪಾಳುಗೋಡೆಯ ನಡುವೆ, ಬಯಲಿನಲ್ಲಿ, ಡನ್‌ಬಾರ್‌ನ ಗೋರಿ ಇದೆ.

ಚರ್ಚಿನ ಹಿಂದೆ ಇಳಿದರೆ ಸೀಟನ್ ಪಾರ್ಕ್. ಮಳೆ ಬಿದ್ದ ಮೇಲೆ ತಗ್ಗಿನ ದಾರಿ ಕೆಸರು, ನದಿ ದಂಡೆಯ ಗಟ್ಟಿ ದಾರಿಯಲ್ಲೇ ಹೋಗಿ. ಪಾರ್ಕಿನ ಅಂಚಿನಲ್ಲಿ ವಾಲೆಸ್ ಟವರ್ ಎಂಬ ಹಳೆಯ ಗೋಪುರಮನೆ ಕಾಣುತ್ತದೆ. ಇಂಗ್ಲೆಂಡಿನ ವಿರುದ್ಧ ಹೋರಾಡಿದ ವೀರ ವಾಲೆಸ್‌ಗೂ ಅದಕ್ಕೂ ಸಂಬಂಧವಿಲ್ಲ, ಆ ಜಾಗಕ್ಕೂ ಸಂಬಂಧವಿಲ್ಲ. ನಗರದ ನಡುವೆ ಇದ್ದದ್ದನ್ನು 1960ರ ದಶಕದಲ್ಲಿ ಅಂಗಡಿಯೊಂದರ ವಿಸ್ತರಣೆಗಾಗಿ ಕಲ್ಲು ಕಲ್ಲು ಬಿಚ್ಚಿ ಇಲ್ಲಿ ಜೋಡಿಸಿದರು.

ಡಾನ್ ಪಕ್ಕದಲ್ಲಿ ಇಪ್ಪತ್ತು ನಿಮಿಷ ನಡೆದರೆ ಬ್ರಿಗ್ ಓ ಬಾಲ್ಗೌನಿ. ಒಂದೇ ಚೂಪು ಕಮಾನಿನ ಸೇತುವೆ. 13ನೆಯ ಶತಮಾನದ ಕೊನೆಗೆ ಶುರುವಾಗಿ, ರಾಬರ್ಟ್ ಬ್ರೂಸ್ ದೊರೆಯ ಕಾಲದಲ್ಲಿ, 1320ರ ಸುಮಾರಿಗೆ ಮುಗಿಯಿತು. ಕಮಾನಿನ ಅಗಲ 12 ಮೀಟರ್‌ಗೂ ಹೆಚ್ಚು, ಇಳಿತದ ಹೊತ್ತಿನಲ್ಲಿ ನೆತ್ತಿಯ ಎತ್ತರ 17 ಮೀಟರ್‌ಗೂ ಹೆಚ್ಚು. 17ನೆಯ ಶತಮಾನದ ಆರಂಭದಲ್ಲಿ ಬಹುಪಾಲು ಕಟ್ಟಿ ಸರಿಪಡಿಸಿದರು. ಅದಕ್ಕಿಂತ ಸೊಗಸು ಅದರ ಲೆಕ್ಕದ ಪುಸ್ತಕ. 1605ರಲ್ಲಿ ಸರ್ ಅಲೆಕ್ಸಾಂಡರ್ ಹೇ ಎಂಬಾತ ಸೇತುವೆ ದುರಸ್ತಿಗೆಂದು ಜಮೀನಿನಿಂದ ಬರುವ ಸಣ್ಣ ವರಮಾನ ಬರೆದುಕೊಟ್ಟ. ದುಡ್ಡು ಯಾರೂ ನುಂಗಲಿಲ್ಲ. ಇನ್ನೂರು ವರ್ಷ ಬೆಳೆಬೆಳೆದು, 1830ರಲ್ಲಿ ಕೆಳಹರಿವಿನಲ್ಲಿ ಕಟ್ಟಿದ ಹೊಸ ಬ್ರಿಡ್ಜ್ ಆಫ್ ಡಾನ್‌ಗೆ ಆ ನಿಧಿಯೇ ಸಾಕಾಯಿತು. ಇವತ್ತು ಹಳೆಯ ಸೇತುವೆಯ ಮೇಲೆ ವಾಹನಗಳಿಲ್ಲ. ತಾಯಿಗೆ ಒಬ್ಬನೇ ಮಗನಾದವನು, ತಾಯಿಕುದುರೆಗೆ ಒಂದೇ ಮರಿಯಾದ ಕುದುರೆಯ ಮೇಲೆ ಬಂದರೆ ಸೇತುವೆ ಬೀಳುತ್ತದೆ ಎಂಬ ಹಳೆಯ ಭವಿಷ್ಯವಾಣಿ ಇದಕ್ಕಿದೆ. ಬಾಲ್ಯ ಅಬರ್ಡೀನಿನಲ್ಲಿ ಕಳೆದ ಕವಿ ಬೈರನ್ ಒಬ್ಬನೇ ಮಗ. ಆ ಹೆದರಿಕೆ ದೊಡ್ಡವನಾದ ಮೇಲೂ ನೆನಪಿತ್ತು ಎಂದು ಬರೆದುಕೊಂಡಿದ್ದಾನೆ. ಕಮಾನು ಪೂರ್ತಿ ಕಾಣಬೇಕಾದರೆ ಸೇತುವೆ ದಾಟಿ ಆಚೆ ದಂಡೆಯಲ್ಲಿ ಕೆಳಹರಿವಿನ ಕಡೆ ನಿಲ್ಲಿ.

ನಗರ: ಮೇಲಿನ ಬೀದಿ, ಕೆಳಗಿನ ಬೀದಿ

ಮೊದಲು ಎಲ್ಲರೂ ಎಡವುವ ಜಾಗ ಹೇಳಿಬಿಡುತ್ತೇವೆ. ಮೊಬೈಲ್ ನಕ್ಷೆಯಲ್ಲಿ ‘ದಿ ಗ್ರೀನ್’ ಎಂಬ ಹಳೆಯ ಸಂತೆಬೀದಿ ಯೂನಿಯನ್ ಸ್ಟ್ರೀಟಿಗೆ ಅಂಟಿಕೊಂಡೇ ಕಾಣುತ್ತದೆ. ನಡೆದು ಹೋದರೆ ಗೋಡೆ. ಯೂನಿಯನ್ ಸ್ಟ್ರೀಟ್ ನೆಲದ ಮೇಲಿನ ಬೀದಿಯೇ ಅಲ್ಲ; ಆ ಭಾಗದಲ್ಲಿ ಅದು ಕಮಾನುಗಳ ಮೇಲೆ ಹೊತ್ತು ನಿಲ್ಲಿಸಿದ ರಸ್ತೆ. 1801ರಿಂದ 1805ರವರೆಗೆ ಗುಡ್ಡದ ತಲೆ ಕಡಿದು, ಡೆನ್‌ಬರ್ನ್ ಕಣಿವೆಯ ಮೇಲೆ 130 ಅಡಿ ಅಗಲದ ಒಂದೇ ಗ್ರಾನೈಟ್ ಕಮಾನು ಹಾರಿಸಿ ಇದನ್ನು ಮಾಡಿದರು. ಖರ್ಚು ಕೈಮೀರಿ 1817ರಲ್ಲಿ ನಗರಸಭೆ ದಿವಾಳಿ ಎದ್ದಿತು. ಕೆಳಗಿನ ಹಳೆಯ ಊರು ಹಾಗೇ ಉಳಿಯಿತು. ಇಳಿಯಲು ಬ್ಯಾಕ್ ವೈಂಡ್ ಮೆಟ್ಟಿಲು ಹುಡುಕಿ. ಕರೆಕ್ಷನ್ ವೈಂಡ್ ಎಂಬ ಓಣಿಯಂತೂ ಯೂನಿಯನ್ ಸ್ಟ್ರೀಟಿನ ಅಡಿಯಲ್ಲೇ ನುಸುಳಿ ಹೋಗುತ್ತದೆ. ಅಲ್ಲಿ ನಿಂತು ತಲೆ ಎತ್ತಿದರೆ ಊರು ಎರಡು ಅಂತಸ್ತಿನದು ಎಂಬುದು ಮನದಟ್ಟಾಗುತ್ತದೆ.

ಸುತ್ತಾಟ ಕ್ಯಾಸಲ್‌ಗೇಟಿನಿಂದ ಶುರುಮಾಡಿ. ನಡುವೆ 1686ರ ಮರ್ಕಾಟ್ ಕ್ರಾಸ್: ಆರು ಮೂಲೆಯ ಕಮಾನು ಮಂಟಪ, ಮೇಲೆ ಕಂಬ, ಕಂಬದ ತುದಿಗೆ ಬಿಳಿಯ ಒಂಟಿಕೊಂಬಿನ ಕುದುರೆ. ಹನ್ನೆರಡು ಫಲಕಗಳಲ್ಲಿ ಎರಡು ಲಾಂಛನ, ಉಳಿದ ಹತ್ತರಲ್ಲಿ ಮೊದಲನೆಯ ಜೇಮ್ಸ್‌ನಿಂದ ಏಳನೆಯ ಜೇಮ್ಸ್‌ವರೆಗಿನ ಸ್ಟುವರ್ಟ್ ದೊರೆಗಳ ಮುಖ, ಮೇರಿ ರಾಣಿಯೂ ಸೇರಿ. ಇಷ್ಟು ಸಣ್ಣ ಕೆಲಸ ಇದೆಯೆಂದರೆ ಕಲ್ಲು ಮರಳುಗಲ್ಲೇ ಇರಬೇಕು, ಹೌದು.

ಈ ಕಟ್ಟೆಯ ಬಳಿ 1758ರಲ್ಲಿ ಪುಸ್ತಕ ಸುಟ್ಟರು. 1740ರ ದಶಕದಲ್ಲಿ ಊರಿನ ವ್ಯಾಪಾರಿಗಳು ಬಡ ಮಕ್ಕಳನ್ನು ಹಿಡಿದು ಅಮೆರಿಕದ ತೋಟಗಳಿಗೆ ಜೀತಕ್ಕೆ ಮಾರುತ್ತಿದ್ದರು. ಹಾಗೆ ಮಾರಾಟವಾದ ಪೀಟರ್ ವಿಲಿಯಮ್ಸನ್ ವರ್ಷಗಳ ಮೇಲೆ ಬದುಕಿ ವಾಪಸು ಬಂದ, ನಡೆದದ್ದನ್ನು ಅಚ್ಚು ಹಾಕಿಸಿ ಮಾರಿದ. ಊರಿನ ನ್ಯಾಯಾಧಿಕಾರಿಗಳಲ್ಲಿ ಕೆಲವರು ಅದೇ ದಂಧೆಯವರು. ಮಾನಹಾನಿ ಎಂದು ದಂಡ ಹಾಕಿ, ಪುಸ್ತಕ ಸುಡಿಸಿ, ಊರು ಬಿಡಿಸಿದರು. ಅವನು ಎಡಿನ್‌ಬರೋದಲ್ಲಿ ದಾವೆ ಹೂಡಿ ಗೆದ್ದ. ಪಕ್ಕದ ಟಾಲ್‌ಬೂತ್ 17ನೆಯ ಶತಮಾನದ ಸೆರೆಮನೆ. ತಿರುಪು ಮೆಟ್ಟಿಲು ಬಹಳ ಇಕ್ಕಟ್ಟು, ಮೊಣಕಾಲು ನೋವಿದ್ದವರು, ದೊಡ್ಡ ಬ್ಯಾಗಿನವರು ಹೊರಗಿನಿಂದಲೇ ನೋಡಿ.

ಬ್ರಾಡ್ ಸ್ಟ್ರೀಟಿಗೆ ತಿರುಗಿದರೆ ಮಾರಿಶಲ್ ಕಾಲೇಜು. ಎಲ್ಲರೂ ಇದನ್ನೇ ಊರಿನ ಅತಿ ಹಳೆಯ ಕಟ್ಟಡ ಎಂದುಕೊಳ್ಳುತ್ತಾರೆ, ನಮ್ಮ ಸೂತ್ರ ಬಲ್ಲವರು ನಗುತ್ತಾರೆ. ಸಂಸ್ಥೆ 1593ರದು; ಒಳಗಿನ ಅಂಗಳದ ಕಟ್ಟಡ ಸಿಂಪ್ಸನ್‌ನದು, 1837ರ ಈಚಿನದು; ಬೀದಿಗೆ ಕಾಣುವ ಸೂಜಿಮೊನೆಗಳ ಕಾಡು ಮಾರ್ಷಲ್ ಮೆಕೆಂಜಿಯದು, ಏಳನೆಯ ಎಡ್ವರ್ಡ್ ದೊರೆ ಅದನ್ನು ಉದ್ಘಾಟಿಸಿದ್ದು 1906ರಲ್ಲಿ. ಕಲ್ಲು ಕೆಮ್ನೇ ಗಣಿಯ ಬೆಳ್ಳಿಬಣ್ಣದ ಗ್ರಾನೈಟ್. ಗ್ರಾನೈಟ್ ಕಟ್ಟಡಗಳಲ್ಲಿ ಸ್ಪೇನಿನ ಎಸ್ಕೋರಿಯಲ್ ಅರಮನೆ ಬಿಟ್ಟರೆ ಜಗತ್ತಿನಲ್ಲಿ ಇದೇ ದೊಡ್ಡದು ಎನ್ನುತ್ತಾರೆ. 2011ರಿಂದ ಇದು ನಗರಸಭೆಯ ಕಚೇರಿ.

ಇಲ್ಲಿ ಐದು ನಿಮಿಷ ಗೋಡೆಗೆ ಮೂಗು ತಾಗಿಸಿ ನಿಲ್ಲಿ. ಬಿಳಿ ಕಾಳು, ಬೂದು ಗಾಜಿನಂಥ ಕಾಳು, ಅದರ ನಡುವೆ ಹೊಳೆಯುವ ಚೂರು: ಅದೇ ಕಾಗೆಬಂಗಾರ. ಮಳೆ ನಿಂತು ಇಳಿಬಿಸಿಲು ಬಿದ್ದಾಗ ಇಡೀ ಮುಖ ಮಿನುಗುತ್ತದೆ, ಮೋಡವಿದ್ದ ದಿನ ಸಿಮೆಂಟಿನಂತೆ ಮಂಕು. ಒಂದೇ ಸಂಜೆ ನೋಡಿ ಊರನ್ನು ಬೈಯುವವರು ಮೋಡದ ದಿನ ಬಂದವರು. ಅಂದಹಾಗೆ, ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1856ರಿಂದ 1860ರವರೆಗೆ ಇಲ್ಲಿ ಪ್ರಾಧ್ಯಾಪಕ. ಶನಿಗ್ರಹದ ಉಂಗುರಗಳು ಬಿಡಿಬಿಡಿ ಕಣಗಳೆಂದು ಗಣಿತದಿಂದ ತೋರಿಸಿದ್ದು ಈ ಅವಧಿಯಲ್ಲೇ. ಎರಡು ಕಾಲೇಜು ಒಂದಾದಾಗ ಒಂದು ವಿಷಯಕ್ಕೆ ಒಬ್ಬರೇ ಸಾಕೆಂದು ಅವನ ಕೆಲಸ ಹೋಯಿತು!

ರಸ್ತೆಯಾಚೆ, ಗಾಜಿನ ಹೊಸ ಕಟ್ಟಡಗಳ ನಡುವೆ ಹುದುಗಿದ ಪ್ರೊವೋಸ್ಟ್ (ಅಂದರೆ ನಗರಾಧ್ಯಕ್ಷ) ಸ್ಕೀನ್ಸ್ ಹೌಸ್ ನಿಜಕ್ಕೂ ಹಳೆಯದು, ಮೂಲ 1545ರದು. ಒರಟು ಗೋಡೆ, ಮೂಲೆಗೆ ಸಣ್ಣ ಗೋಪುರ. ಮೇಲಂತಸ್ತಿನ ಉದ್ದ ಕೋಣೆಯ ಚಾವಣಿಯಲ್ಲಿ 17ನೆಯ ಶತಮಾನದ ಕ್ರಿಸ್ತನ ಚಿತ್ರಗಳಿವೆ. ಧಾರ್ಮಿಕ ಚಿತ್ರಗಳನ್ನು ಚರ್ಚುಗಳಿಂದ ಕಿತ್ತುಹಾಕಿದ್ದ ಕಾಲದಲ್ಲಿ ಯಾರೋ ಮನೆಯೊಳಗೆ ಬರೆಸಿಕೊಂಡಿದ್ದಾರೆ ಎಂಬುದೇ ಅದರ ಸ್ವಾರಸ್ಯ. 1746ರಲ್ಲಿ ಸ್ಟುವರ್ಟ್ ಪಕ್ಷದವರ ದಂಗೆ ಅಡಗಿಸಿದ ಕಲೋಡೆನ್ ಯುದ್ಧಕ್ಕೆ ಹೊರಟ ಕಂಬರ್ಲೆಂಡ್ ಡ್ಯೂಕ್ ಇಲ್ಲೇ ತಂಗಿದ್ದ. ಪ್ರವೇಶ ಉಚಿತ.

ಸೇಂಟ್ ನಿಕೊಲಸ್ ಚರ್ಚಿನಲ್ಲಿ ಎರಡೂ ಕಲ್ಲು ಒಂದೇ ಕಡೆ ಸಿಗುತ್ತವೆ. ಧರ್ಮ ಬದಲಾದ ಮೇಲೆ ಇದನ್ನು ಪೂರ್ವ, ಪಶ್ಚಿಮ ಎಂದು ಎರಡು ಪಾಲು ಮಾಡಿದ್ದರು. ಪಶ್ಚಿಮ ಪಾಲು ಅಬರ್ಡೀನಿನಲ್ಲೇ ಹುಟ್ಟಿದ ಜೇಮ್ಸ್ ಗಿಬ್ಸ್‌ನ ವಿನ್ಯಾಸ, 1750ರ ದಶಕ, ಮರಳುಗಲ್ಲು. ಲಂಡನ್ನಿನ ಸೇಂಟ್ ಮಾರ್ಟಿನ್ ಚರ್ಚು ಕಟ್ಟಿದವನು ಅವನೇ; ಚೆನ್ನೈ ಎಗ್ಮೋರಿನ ಸೇಂಟ್ ಆಂಡ್ರೂಸ್ ಚರ್ಚು ಅದೇ ಮಾದರಿಯ ಕೂಸು. ಪೂರ್ವ ಪಾಲು ಸಿಂಪ್ಸನ್‌ನ ಗ್ರಾನೈಟ್, 1830ರ ದಶಕ. ಯೂನಿಯನ್ ಸ್ಟ್ರೀಟಿಗೆ ಕಾಣುವ ಹನ್ನೆರಡು ಕಂಬಗಳ ಸಾಲು ಜಾನ್ ಸ್ಮಿತ್‌ನದು, 1830.

ಆರ್ಟ್ ಗ್ಯಾಲರಿಗೆ ಚಿತ್ರ ನೋಡಲು ಹೋಗದವರೂ ನಡುವಣ ಅಂಗಳದ ಕಂಬ ನೋಡಲು ಹೋಗಿ. ಒಂದೊಂದು ಕಂಬ ಒಂದೊಂದು ಬಣ್ಣದ ಹೊಳಪು ಗ್ರಾನೈಟ್, ಬೇರೆಬೇರೆ ಗಣಿಯದು. ರೂಬಿಸ್ಲಾ ಗಣಿಯನ್ನೇ ನೋಡುತ್ತೇವೆ ಎಂದು ಹಟ ಹಿಡಿದು ಪಶ್ಚಿಮಕ್ಕೆ ಹೋಗುವವರಿಗೆ ನಿರಾಸೆ ಖಂಡಿತ. 142 ಮೀಟರ್ ಆಳದ ಆ ಗುಂಡಿ 1971ರಲ್ಲಿ ಮುಚ್ಚಿತು, ನೀರು ತುಂಬಿದೆ, ಸುತ್ತ ಬೇಲಿ.

ಬಂದರು, ಫುಟ್‌ಡೀ

ಬಂದರಿನ ದಾಖಲೆ 1136ರಿಂದ ಇದೆ. ಅಲ್ಲಿಂದ 1868ರ ಥರ್ಮೋಪಿಲೆ ಎಂಬ ವೇಗದ ಹಾಯಿಹಡಗು, 1882ರ ಉಗಿ ಮೀನುದೋಣಿ, 1970ರ ದಶಕದ ತೈಲದವರೆಗಿನ ಕತೆಗೆ ಶಿಪ್‌ರೋ ಬೀದಿಯ ಸಮುದ್ರಯಾನ ಸಂಗ್ರಹಾಲಯ. ಅದು ಸೇರಿಸಿಕೊಂಡಿರುವ ಪ್ರೊವೋಸ್ಟ್ ರಾಸ್ ಮನೆ 1593ರದು. ಸಂಗ್ರಹಾಲಯಗಳೆಲ್ಲ ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚುವುದುಂಟು, ಹಿಂದಿನ ದಿನ ವೆಬ್‌ಸೈಟ್ ನೋಡಿಕೊಂಡೇ ಹೊರಡಿ.

ಬಂದರಿನ ಬೇಲಿ ಪಕ್ಕ ಅರ್ಧ ಗಂಟೆ ನಡೆದರೆ ಬಾಯಿಯಲ್ಲಿ ಫುಟ್‌ಡೀ, ಸ್ಥಳೀಯರ ಬಾಯಲ್ಲಿ ಫಿಟ್ಟಿ. 1808-09ರಲ್ಲಿ ಜಾನ್ ಸ್ಮಿತ್ ನಕ್ಷೆ ಹಾಕಿಕೊಟ್ಟ ಬೆಸ್ತರ ಕೇರಿ. ಸಾಲುಮನೆಗಳು ಚೌಕದ ಸುತ್ತ. ಎಲ್ಲ ಬಾಗಿಲು ಚೌಕದೊಳಕ್ಕೆ, ಬೆನ್ನು ಸಮುದ್ರಕ್ಕೆ. ಪೂರ್ವದ ಗಾಳಿ ತಿಂದವರಿಗೆ ಕಾರಣ ಕೂಡಲೇ ತಿಳಿಯುತ್ತದೆ. ಚೌಕದ ನಡುವೆ ಮನೆಗೊಂದರಂತೆ ಪುಟ್ಟ ಶೆಡ್ಡುಗಳು, ಬಲೆ, ಹಗ್ಗ ಇಡಲು, ತೇಲಿಬಂದ ಮರದ ಹಲಗೆಯಿಂದ ಕಟ್ಟಿ ಟಾರು ಬಳಿದದ್ದು ಮೊದಲು. ಈಗ ಬಣ್ಣಬಣ್ಣದವು, ಕಿಟಕಿಯಲ್ಲಿ ಗೊಂಬೆಗಳು. ಇಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ, ಇದು ಪ್ರದರ್ಶನವಲ್ಲ. ಶೆಡ್ಡಿನ ಬಾಗಿಲು ತಳ್ಳುವುದು, ಕಿಟಕಿಯೊಳಗೆ ಇಣುಕಿ ಫೋಟೋ ತೆಗೆಯುವುದು ಬೇಡ. ಎದುರು ದಂಡೆಯ ಟೊರಿ ಬ್ಯಾಟರಿ ಎಂಬ 1860ರ ಸುಮಾರಿನ ಫಿರಂಗಿ ಕೋಟೆಯಿಂದ ಬಂದರಿನ ಬಾಯಲ್ಲಿ ಡಾಲ್ಫಿನ್ ಕಾಣುತ್ತವೆ. ಫುಟ್‌ಡೀಯಿಂದ ಅಲ್ಲಿಗೆ ದಾಟುದಾರಿ ಇಲ್ಲ, ಊರೊಳಗಿಂದ ಬಳಸಿ ಹೋಗಬೇಕು.

ಶ್ರೀರಂಗಪಟ್ಟಣದ ಎಳೆ

ಪಶ್ಚಿಮ ಭಾಗದ ವ್ಯೂಫೀಲ್ಡ್ ರಸ್ತೆಯಲ್ಲಿ ಗಾರ್ಡನ್ ಹೈಲ್ಯಾಂಡರ್ಸ್ ಸಂಗ್ರಹಾಲಯವಿದೆ. ಈ ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ ‘ಮೈಸೂರ್’, ‘ಸೆರಿಂಗಪಟಮ್’ ಎಂಬ ಹೆಸರುಗಳಿವೆ. ಬಂದದ್ದು ಹೀಗೆ: 1787ರಲ್ಲಿ ಭಾರತಕ್ಕೆಂದೇ ಕಟ್ಟಿದ 75ನೆಯ ರೆಜಿಮೆಂಟು 1799ರಲ್ಲಿ ಕಣ್ಣೂರಿನಿಂದ ಕೊಡಗಿನ ದಾರಿಯಾಗಿ ಬಂದ ಬಾಂಬೆ ಸೈನ್ಯದಲ್ಲಿತ್ತು. 1881ರಲ್ಲಿ ಅದನ್ನು 92ನೆಯ ಗಾರ್ಡನ್ ಹೈಲ್ಯಾಂಡರ್ಸ್ ಜತೆ ಸೇರಿಸಿದಾಗ ಗೌರವಗಳೂ ಜತೆಗೆ ಬಂದವು. ಲಾಂಛನದ ಹುಲಿಯನ್ನು ಟಿಪ್ಪುವಿನ ಹುಲಿ ಎಂದು ಹಲವರು ಹೇಳುತ್ತಾರೆ. ಅದು ಭಾರತದಲ್ಲಿನ ಒಟ್ಟು ಸೇವೆಗಾಗಿ 1807ರಲ್ಲಿ ಕೊಟ್ಟದ್ದು, ಬೇರೆ ರೆಜಿಮೆಂಟುಗಳಿಗೂ ಇಂಥದ್ದು ಸಿಕ್ಕಿದೆ. ಪ್ರವೇಶಕ್ಕೆ ಟಿಕೆಟ್ ಉಂಟು, ವಾರವೆಲ್ಲ ತೆರೆದಿರುವುದಿಲ್ಲ.

ಸಭಿಕರ ಪ್ರಶ್ನೆಗಳಿಂದ ಎರಡು

*ಯಾವ ತಿಂಗಳು ಒಳ್ಳೆಯದು?*

ಮೇಯಿಂದ ಸೆಪ್ಟೆಂಬರ್. ಜೂನಿನಲ್ಲಿ ರಾತ್ರಿ ಹತ್ತರವರೆಗೆ ಬೆಳಕು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುತ್ತಾನೆ. ಬೇಸಿಗೆಯಲ್ಲೂ ‘ಹಾರ್’ ಎಂಬ ಸಮುದ್ರದ ಮಂಜು ಬರುತ್ತದೆ. ಬೆಚ್ಚಗಿನ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾದು ಮಂಜಾಗಿ ಪೂರ್ವದಿಂದ ನುಗ್ಗುತ್ತದೆ. ಬಂದರಿನಲ್ಲಿ ಹತ್ತು ಮಾರು ಆಚೆ ಕಾಣದಿದ್ದಾಗ ಕೆಲವೇ ಮೈಲಿ ಒಳನಾಡಿನಲ್ಲಿ ಬಿಸಿಲಿರಬಹುದು. ಅಂಥ ದಿನ ಫುಟ್‌ಡೀ ಬಿಟ್ಟು ಸೇಂಟ್ ಮಾಕರ್, ಸ್ಕೀನ್ಸ್ ಹೌಸ್ ಚಾವಣಿಗಳ ಕಡೆ ಹೋಗಿ. ಕೊಡೆ ತರಬೇಡಿ, ಗಾಳಿ ಮುರಿದು ಹಾಕುತ್ತದೆ. ತಲೆಮುಚ್ಚುವ ಮಳೆಕೋಟು ಬೇಕು.

*ಡನ್ನಾಟರ್ ಕೋಟೆಯನ್ನು ಅದೇ ಪ್ರವಾಸದಲ್ಲಿ ಸೇರಿಸಬಹುದೇ?*

ಇನ್ನೊಂದು ಅರ್ಧ ದಿನ ಇದ್ದರೆ ಖಂಡಿತ. ಮಾರಿಶಲ್ ಕಾಲೇಜು ಸ್ಥಾಪಿಸಿದ ಜಾರ್ಜ್ ಕೀತ್ ಮನೆತನದ ಕೋಟೆ ಅದು. 1651-52ರಲ್ಲಿ ಕ್ರಾಮ್ವೆಲ್ ಸೈನ್ಯ ಮುತ್ತಿಗೆ ಹಾಕಿದ್ದಾಗ ಸ್ಕಾಟ್ಲೆಂಡಿನ ಕಿರೀಟ, ರಾಜದಂಡ, ಖಡ್ಗ ಒಳಗಿದ್ದವು. ಕಣ್ತಪ್ಪಿಸಿ ಹೊರಸಾಗಿಸಿ, ಕಿನೆಫ್ ಎಂಬ ಹಳ್ಳಿಯ ಚರ್ಚಿನ ನೆಲದಡಿ ಹೂತಿಟ್ಟು ಉಳಿಸಿದರು. ಸ್ಟೋನ್‌ಹೇವನ್‌ವರೆಗೆ ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ, ಅಲ್ಲಿಂದ ಬಂಡೆಯಂಚಿನ ಕಾಲುದಾರಿ ಒಂದು ಗಂಟೆ. ಕೋಟೆ ಸಮುದ್ರಕ್ಕೆ ಚಾಚಿದ ಬಂಡೆಯ ಮೇಲಿದೆ. ಮೊದಲು ಕಡಿದಾದ ಮೆಟ್ಟಿಲಲ್ಲಿ ಪೂರ್ತಿ ಇಳಿದು ಮತ್ತೆ ಏರಬೇಕು, ಗಾಲಿಕುರ್ಚಿಗೆ ದಾರಿ ಇಲ್ಲ. ಗಾಳಿ ಜೋರಾದ ದಿನ ಬಾಗಿಲೇ ತೆರೆಯುವುದಿಲ್ಲ, ಹೊರಡುವ ಬೆಳಗ್ಗೆ ಅವರ ಪುಟ ನೋಡಿ. ಮುಚ್ಚಿದ್ದರೂ ಕಾಲುದಾರಿಯಿಂದ ಕಾಣುವ ನೋಟಕ್ಕೆ ಟಿಕೆಟ್ ಬೇಕಿಲ್ಲ. ಅಲ್ಲಿಯ ಬಂಡೆಯೂ ಗ್ರಾನೈಟ್ ಅಲ್ಲ. ಉಂಡೆಗಲ್ಲುಗಳು ಗಾರೆಯಲ್ಲಿ ಕಲಸಿಟ್ಟಂತೆ ಕೂಡಿಕೊಂಡ ಬೇರೆಯೇ ಜಾತಿ, ಕಾಲಡಿ ಸಡಿಲ, ಅಂಚಿಗೆ ಹೋಗಬೇಡಿ.